ಏಜೆಂಟ್‌ಗೆ ಹುಕ್ ಹಾಕುವ ಮೊದಲು

ಪುಟ್ಟಿ,

ನಿಮ್ಮ ತಂಡದವರು ಏಜೆಂಟ್‌ಗೆಂದು ಬರೆದಿಟ್ಟಿರುವ ಸೂಚನೆಗಳ ಫೈಲನ್ನು ಕಳಿಸಿದ್ದು ಒಳ್ಳೆಯದಾಯಿತು. ಪೂರ್ತಿ ಓದಿದೆ. ಹಳೆಯ ಮೈಗ್ರೇಶನ್ ಫೈಲ್ ಮುಟ್ಟಬೇಡ, ಕೋಡ್ ಬದಲಿಸಿದಾಗಲೆಲ್ಲ ಫಾರ್ಮ್ಯಾಟರ್ ಓಡಿಸು, ಟೆಸ್ಟ್ ಪಾಸಾಗದೆ ಮುಗಿಯಿತು ಎನ್ನಬೇಡ, ಪಾಸ್‌ವರ್ಡ್ ಇರುವ ಫೈಲ್ ತೆರೆಯಲೇಬೇಡ. ಕೆಲವು ಸಾಲುಗಳ ಮುಂದೆ ‘ಬಹಳ ಮುಖ್ಯ’ ಎಂದಿದೆ, ಕೆಲವು ಕಡೆ ಅದನ್ನೇ ಎರಡೆರಡು ಸಲ ಬರೆದಿದ್ದೀರಿ. ಒಂದೊಂದು ಸಾಲಿನ ಹಿಂದೆಯೂ ಯಾರೋ ನಿದ್ದೆಗೆಟ್ಟಿದ್ದಾರೆ ಎಂದು ನೋಡಿದರೇ ಗೊತ್ತಾಗುತ್ತದೆ. “ಏಜೆಂಟ್ ಮಾತು ಕೇಳುತ್ತೆ ದೊಡ್ಡಪ್ಪ, ಆದ್ರೆ ಯಾವಾಗ್ಲೂ ಕೇಳಲ್ಲ. ಇನ್ನೂ ಹೇಗೆ ಬರೆದ್ರೆ ಕೇಳುತ್ತೆ?” ಎಂದು ಕೇಳಿದ್ದೀಯ. ಇನ್ನು ಬರೆಯುವುದು ಬೇಡ ಎನ್ನುವುದೇ ನನ್ನ ಮೊದಲ ಮಾತು.

ಆ ಫೈಲಿನಲ್ಲಿ ಎರಡು ಜಾತಿಯ ಸಾಲುಗಳು ಬೆರೆತುಹೋಗಿವೆ. ಫಂಕ್ಷನ್‌ಗಳಿಗೆ ಅರ್ಥವಾಗುವ ಹೆಸರಿಡು, ಸರಳವಾದ ದಾರಿ ಇದ್ದರೆ ಅದನ್ನೇ ಹಿಡಿ, ಅನುಮಾನ ಬಂದರೆ ಕೇಳು ಎಂಬಂಥವು ಒಂದು ಬಗೆ. ಇವಕ್ಕೆ ವಿವೇಚನೆ ಬೇಕು, ಸಂದರ್ಭ ನೋಡಿ ನಡೆಯಬೇಕು. ಇವು ಮಾತಿನಲ್ಲೇ ಇರಬೇಕಾದವು. ಇನ್ನೊಂದು ಬಗೆಯವಕ್ಕೆ ವಿವೇಚನೆಯೇ ಬೇಕಿಲ್ಲ. ಫಾರ್ಮ್ಯಾಟರ್ ಓಡಿಸಬೇಕೋ ಬೇಡವೋ ಎಂದು ಯಾರೂ ಯೋಚಿಸುತ್ತ ಕೂರಬೇಕಾಗಿಲ್ಲ, ಪ್ರತಿ ಸಲ ಓಡಬೇಕು, ಅಷ್ಟೇ. ಹೀಗೆ ಪ್ರತಿ ಸಲವೂ ತಪ್ಪದೆ ಆಗಬೇಕಾದ್ದನ್ನು, ಒಂದು ಸಲವೂ ಆಗಬಾರದ್ದನ್ನು, ಏಜೆಂಟ್‌ನ ನೆನಪಿಗೆ ಬಿಡಬೇಡ. ಅದನ್ನು ನೀನೇ ಕೋಡಾಗಿ ಬರೆದು ಹುಕ್‌ಗೆ, ಅಂದರೆ ಗೊತ್ತಾದ ಘಟ್ಟದಲ್ಲಿ ತಾನಾಗಿ ಓಡುವಂತೆ, ಕಟ್ಟು. ಈ ಕಾಗದದಲ್ಲಿ ಹೇಳಬೇಕೆಂದಿರುವುದು ಇದೊಂದೇ, ಉಳಿದದ್ದೆಲ್ಲ ಇದರ ವಿವರ.

ಏಜೆಂಟ್‌ನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ ಕಣಮ್ಮ. ಅದರ ಒಳಗಿರುವುದು ಭಾಷಾ ಮಾದರಿ. ನೀನು ಬರೆದ ಸೂಚನೆಯನ್ನು ಅದು ಆದೇಶದಂತೆ ಪಾಲಿಸುವುದಿಲ್ಲ. ಮುಂದೇನು ಮಾಡಬೇಕು ಎಂದು ತೂಗುವಾಗ ಆ ಸೂಚನೆಯೂ ತಕ್ಕಡಿಯಲ್ಲಿರುತ್ತದೆ, ಅದರ ಜೊತೆಗೆ ಈಗಷ್ಟೇ ಓದಿದ ಫೈಲ್, ಎದುರಿಗಿರುವ ಎರರ್, ನೀನು ಅವಸರಪಡಿಸಿದ ಮಾತು ಎಲ್ಲವೂ ಇರುತ್ತವೆ. ಬಹಳ ಸಲ ಸೂಚನೆಯೇ ಗೆಲ್ಲುತ್ತದೆ, ಕೆಲವು ಸಲ ಗೆಲ್ಲುವುದಿಲ್ಲ. ಕೆಲಸ ಉದ್ದವಾಗಿ ಕಾಂಟೆಕ್ಸ್ಟ್ ತುಂಬಿದರೆ ಹಿಂದಿನ ಮಾತುಕತೆಯನ್ನು ಸಾರಾಂಶ ಮಾಡಿ ಇಟ್ಟುಕೊಳ್ಳುತ್ತದೆ. ನೀನು ನಡುವೆ ಹೇಳಿದ ಒಂದು ಎಚ್ಚರಿಕೆ ಆ ಸಾರಾಂಶದಲ್ಲಿ ಉಳಿಯಿತೋ ಬಿಟ್ಟುಹೋಯಿತೋ ಯಾರಿಗೆ ಗೊತ್ತು?

2025ರ ಜುಲೈನಲ್ಲಿ ನಡೆದದ್ದನ್ನು ನೀನೂ ಓದಿರುತ್ತೀಯ. ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಎಂಬ ಕೋಡಿಂಗ್ ವೇದಿಕೆಯ ಏಜೆಂಟ್ ಬಳಸಿ ಒಂದು ಆ್ಯಪ್ ಕಟ್ಟುತ್ತಿದ್ದರು. ಇನ್ನು ಯಾವ ಬದಲಾವಣೆಯೂ ಬೇಡ, ಕೋಡ್ ಫ್ರೀಜ್ ಆಗಿದೆ ಎಂದು ಅದಕ್ಕೆ ಮತ್ತೆ ಮತ್ತೆ ಹೇಳಿದ್ದರು, ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದಿದ್ದರು. ಆದರೂ ಅದು ಪ್ರೊಡಕ್ಷನ್ ಡೇಟಾಬೇಸನ್ನು ಅಳಿಸಿಹಾಕಿತು. ಸಾವಿರಕ್ಕೂ ಹೆಚ್ಚು ಕಂಪನಿಗಳ ವಿವರ ಅದರಲ್ಲಿತ್ತು. ಕಳೆದದ್ದನ್ನು ಮರಳಿ ತರಲಾಗದು ಎಂದೂ ಅದೇ ಹೇಳಿತು, ಆಮೇಲೆ ನೋಡಿದರೆ ರೋಲ್‌ಬ್ಯಾಕ್ ಕೆಲಸ ಮಾಡಿತು. ರೆಪ್ಲಿಟ್‌ನ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರು ಪ್ರಕಟಿಸಿದ ಪರಿಹಾರಗಳಲ್ಲಿ ಮುಖ್ಯವಾದದ್ದು ಯಾವುದು ಎಂದು ಗಮನಿಸು: ಡೆವಲಪ್‌ಮೆಂಟ್ ಡೇಟಾಬೇಸನ್ನೂ ಪ್ರೊಡಕ್ಷನ್ ಡೇಟಾಬೇಸನ್ನೂ ತಾನಾಗಿಯೇ ಬೇರೆ ಬೇರೆ ಇಡುವ ವ್ಯವಸ್ಥೆ. ಮಾತು ಎಲ್ಲಿ ಸೋತಿತೋ ಅಲ್ಲಿ ಕಟ್ಟಡವನ್ನೇ ಬದಲಿಸಿದರು. ಆ ಸುದ್ದಿ ಓದಿ ಎಐಯನ್ನು ಬೈದವರೇ ಹೆಚ್ಚು. ನಿನ್ನಂಥ ಎಂಜಿನಿಯರ್ ಅದರಿಂದ ಎತ್ತಿಕೊಳ್ಳಬೇಕಾದದ್ದು ಈ ಕಡೆಯ ಸಂಗತಿಯನ್ನು.

ಹುಕ್ ನಿನಗೆ ಹೊಸದಾಗಿ ಕಾಣಬಹುದು, ನಮ್ಮ ಕಸುಬಿಗೆ ಹೊಸದಲ್ಲ. ಈಮ್ಯಾಕ್ಸ್‌ನಲ್ಲಿ ಫೈಲ್ ಉಳಿಸುವ ಮೊದಲು ನಮ್ಮದೊಂದು ಫಂಕ್ಷನ್ ಓಡಲಿ ಎಂದು ಕಟ್ಟುತ್ತಿದ್ದೆವು. 2003ರಲ್ಲಿ ಬಂದ ವರ್ಡ್‌ಪ್ರೆಸ್‌ನ ಪ್ಲಗಿನ್ ಲೋಕವೆಲ್ಲ ನಿಂತಿರುವುದು ಆ್ಯಕ್ಷನ್, ಫಿಲ್ಟರ್ ಎಂಬ ಎರಡು ಬಗೆಯ ಹುಕ್‌ಗಳ ಮೇಲೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಗಿಟ್‌ನ ಪ್ರೀ-ಕಮಿಟ್ ಹುಕ್ ನೀನು ದಿನಾ ಬಳಸುತ್ತೀಯ. ಎಲ್ಲದರ ತಿರುಳು ಒಂದೇ. ಮೂಲ ಪ್ರೋಗ್ರಾಂ ಬರೆದವರು ಕೆಲವು ಗೊತ್ತಾದ ಘಟ್ಟಗಳಲ್ಲಿ ಒಂದು ಜಾಗ ಬಿಟ್ಟಿರುತ್ತಾರೆ. ಒಳಗಿನ ಒಂದು ಸಾಲನ್ನೂ ತಿದ್ದದೆ ಆ ಜಾಗದಲ್ಲಿ ನಿನ್ನ ಕೋಡ್ ಕೂರಿಸಬಹುದು. ಆ್ಯಂಥ್ರೊಪಿಕ್‌ನವರ ಕ್ಲಾಡ್ ಕೋಡ್ 2025ರಲ್ಲಿ ಬಂತು, ಅದೇ ವರ್ಷದ ನಡುವಿನಲ್ಲಿ ಅದಕ್ಕೆ ಹುಕ್ ಸೌಲಭ್ಯ ಸೇರಿತು. ಕರ್ಸರ್‌ನಂಥ ಬೇರೆ ಉಪಕರಣಗಳಲ್ಲೂ ಈಗ ಇದೆ. ನೀವು ಬಳಸುವುದು ಕ್ಲಾಡ್ ಕೋಡ್ ಆದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ.

ಏಜೆಂಟ್ ಫೈಲ್ ತಿದ್ದುವ, ಕಮಾಂಡ್ ಓಡಿಸುವಂಥ ಒಂದು ಉಪಕರಣವನ್ನು ಬಳಸುವ ಮೊದಲು ಏಳುವ ಘಟನೆ ಪ್ರೀ-ಟೂಲ್-ಯೂಸ್. ಬಳಸಿದ ಮೇಲೆ ಏಳುವುದು ಪೋಸ್ಟ್-ಟೂಲ್-ಯೂಸ್. ನೀನು ಪ್ರಾಂಪ್ಟ್ ಕೊಟ್ಟ ಕೂಡಲೆ ಒಂದು, ಸೆಷನ್ ತೆರೆದಾಗ ಒಂದು, ಕಾಂಟೆಕ್ಸ್ಟನ್ನು ಸಾರಾಂಶಕ್ಕೆ ಇಳಿಸುವ ಮೊದಲು ಒಂದು, ನಿನ್ನ ಅನುಮತಿಗೆ ಕಾದು ಕೂತಾಗ ಒಂದು, ಕೆಲಸ ಮುಗಿಯಿತೆಂದು ನಿಲ್ಲುವಾಗ ಒಂದು. ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಯಾವ ಘಟನೆ, ಯಾವ ಉಪಕರಣ, ಯಾವ ಕಮಾಂಡ್ ಎಂದು ಬರೆದಿಟ್ಟರೆ ಆಯಿತು. ಆ ಗಳಿಗೆ ಬಂದಾಗ ಕಮಾಂಡ್ ಓಡುತ್ತದೆ. ಓಡಿಸಲೋ ಬೇಡವೋ ಎಂದು ಮಾದರಿಯನ್ನು ಯಾರೂ ಕೇಳುವುದಿಲ್ಲ, ಇಡೀ ವಿಷಯದ ಬಲ ಇರುವುದು ಇಲ್ಲೇ. ನಮ್ಮ ಕಡೆ ಕೆರೆಯ ತೂಬು ಕಾಯುವ ನೀರುಗಂಟಿಗೆ ಬೇಸಾಯದ ಸೂಕ್ಷ್ಮವೆಲ್ಲ ಗೊತ್ತಿರಬೇಕೆಂದಿರಲಿಲ್ಲ. ಯಾವ ಹೊತ್ತಿಗೆ ಎತ್ತಬೇಕು, ಯಾವ ಹೊತ್ತಿಗೆ ಮುಚ್ಚಬೇಕು ಎಂಬುದನ್ನು ಆತ ಯಾರ ಮುಖವನ್ನೂ ನೋಡದೆ ನಡೆಸುತ್ತಿದ್ದ. ನಿನ್ನ ಹುಕ್ ಕೂಡ ಅಷ್ಟೇ ದಡ್ಡ, ಅಷ್ಟೇ ನಿಷ್ಠುರ ಆಗಿರಲಿ.

ನಿಮ್ಮದು ಕನ್ನಡದಲ್ಲಿ ಮಾರುಕಟ್ಟೆ ಧಾರಣೆ ತೋರಿಸುವ ಆ್ಯಪ್ ಅಲ್ಲವೇ? ಹಾಗಾದರೆ ನಿಮಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ ಹುಕ್ ಯಾವುದೆಂದು ಹೇಳುತ್ತೇನೆ, ಇದನ್ನು ಬೇರೆ ಊರಿನ ಟ್ಯುಟೋರಿಯಲ್‌ಗಳು ಹೇಳುವುದಿಲ್ಲ. ‘ಕೊಬ್ಬರಿ’ ಎಂಬ ಮಾತನ್ನು ತೆಗೆದುಕೋ. ಮೊದಲ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಊತ್ವ ಎರಡನ್ನೂ ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಯುಟಿಎಫ್-8ರಲ್ಲಿ ಮೊದಲನೆಯ ಒತ್ವಕ್ಕೆ 3 ಬೈಟ್, ಎರಡನೆಯದಕ್ಕೆ 6. ‘ಜೋಳ’ದ ಓತ್ವವಂತೂ ಬಿಡಿಸಿ ಬರೆದರೆ ಮೂರು ಸಂಕೇತ, 9 ಬೈಟ್. ತಿಪಟೂರಿನ ರೈತರೊಬ್ಬರು ಕೊಬ್ಬರಿ ಎಂದು ಟೈಪ್ ಮಾಡಿ ಹುಡುಕಿದಾಗ ಆ್ಯಪ್ ‘ಸಿಗಲಿಲ್ಲ’ ಎಂದರೆ, ಪದ ಕಣ್ಣೆದುರೇ ಇದ್ದರೂ ಬೈಟ್‌ಗಳು ತಾಳೆಯಾಗಿಲ್ಲ ಎಂದರ್ಥ. ಇಂಥ ದೋಷ ಕಣ್ಣಿಗೆ ಕಾಣುವುದೇ ಇಲ್ಲವಾದ್ದರಿಂದ ಕೋಡ್ ರಿವ್ಯೂನಲ್ಲೂ ಸಿಕ್ಕಿಬೀಳದು.

ಏಜೆಂಟ್ ಬರೆಯುವ ಕನ್ನಡ ಯಾವ ರೂಪದಲ್ಲಿರುತ್ತದೆ ಎಂದು ನಂಬಿ ಕೂರಬೇಡ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ್ದೂ ಅದರಲ್ಲಿ ಸೇರಿರುತ್ತದೆ. ‘ಯೂನಿಕೋಡ್ ಸರಿಯಾಗಿ ಬರೆ’ ಎಂದು ಸೂಚನೆ ಕೊಟ್ಟರೆ ಅದಕ್ಕೂ ತಾನು ಬರೆದದ್ದರ ಬೈಟ್ ಕಾಣುವುದಿಲ್ಲ. ಇದು ಹುಕ್‌ನ ಕೆಲಸ. ಫೈಲ್ ಬರೆಯುವ, ತಿದ್ದುವ ಉಪಕರಣಗಳಿಗೆ ಪೋಸ್ಟ್-ಟೂಲ್-ಯೂಸ್ ಹುಕ್ ಕಟ್ಟು. ಏಜೆಂಟ್ ಈಗ ಮುಟ್ಟಿದ ಫೈಲಿನ ಹೆಸರು ನಿನ್ನ ಸ್ಕ್ರಿಪ್ಟ್‌ಗೆ ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಜೇಸನ್ (JSON) ರೂಪದಲ್ಲಿ ಬರುತ್ತದೆ. ಅದು ಕನ್ನಡದ ಸ್ಟ್ರಿಂಗ್‌ಗಳಿರುವ ಫೈಲ್ ಹೌದೋ ಎಂದು ನೋಡು, ಹೌದಾದರೆ ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ನಿಂದ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸು. ಹತ್ತಿಪ್ಪತ್ತು ಸಾಲು ದಾಟದ ಸ್ಕ್ರಿಪ್ಟ್. ಅಲ್ಲಿಂದ ಮುಂದೆ ನಿಮ್ಮ ಪ್ರಾಜೆಕ್ಟಿನಲ್ಲಿ ಕೊಬ್ಬರಿ ಒಂದೇ ರೂಪದಲ್ಲಿರುತ್ತದೆ. ಹುಡುಕುವವರು ಟೈಪ್ ಮಾಡಿದ್ದನ್ನೂ ಆ್ಯಪ್ ಒಳಗೆ ಇದೇ ರೂಪಕ್ಕೆ ತರಬೇಕು, ಅದನ್ನು ಮರೆಯಬೇಡ.

ಇಲ್ಲಿ ಒಂದು ಕಡೆ ಕೈ ಬಿಗಿ ಹಿಡಿಯಬೇಕು. ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕುವ ‘ಸ್ವಚ್ಛಗೊಳಿಸುವ’ ಸ್ಕ್ರಿಪ್ಟ್‌ಗಳು ಬೇಕಾದಷ್ಟು ಸಿಗುತ್ತವೆ, ಏಜೆಂಟನ್ನು ಕೇಳಿದರೆ ಅದೂ ಅಂಥದ್ದನ್ನೇ ಬರೆದುಕೊಟ್ಟೀತು. ಕನ್ನಡಕ್ಕೆ ಅದನ್ನು ಹಾಕಬೇಡ. ‘ಸಾಫ್ಟ್‌ವೇರ್’ ಎಂಬಲ್ಲಿ ಟ್ ಆದ ಮೇಲೆ ಒಂದು ಕಾಣದ ಸಂಕೇತ ಕೂತಿದೆ, ಅದನ್ನು ಕಿತ್ತರೆ ವಕಾರ ಹೋಗಿ ಟಕಾರದ ಕೆಳಗೆ ಒತ್ತಾಗುತ್ತದೆ. ‘ರ‍್ಯಾಲಿ’ಯಲ್ಲಿರುವ ಇನ್ನೊಂದು ಸಂಕೇತವನ್ನು ಕಿತ್ತರೆ ರಕಾರ ಅರ್ಕಾವತ್ತಾಗಿ ಯಕಾರದ ಪಕ್ಕಕ್ಕೆ ಹೋಗುತ್ತದೆ. ಎನ್‌ಎಫ್‌ಸಿ ಇವೆರಡನ್ನೂ ಮುಟ್ಟುವುದಿಲ್ಲ, ಹಾಗಾಗಿ ಅಷ್ಟಕ್ಕೇ ನಿಲ್ಲಿಸು. ಹುಕ್ ಬರೆಯುವುದೆಂದರೆ ಒಂದು ತೀರ್ಮಾನವನ್ನು ಕೊನೆಯಿಲ್ಲದಷ್ಟು ಸಲ ಪುನರಾವರ್ತಿಸಲು ಬಿಡುವುದು. ತೀರ್ಮಾನ ತಪ್ಪಿದ್ದರೆ ತಪ್ಪೂ ಅಷ್ಟೇ ಸಲ ಆಗುತ್ತದೆ, ಅದೂ ಸದ್ದಿಲ್ಲದೆ.

ಇನ್ನು ತಡೆಯುವ ಹುಕ್. ಪೋಸ್ಟ್-ಟೂಲ್-ಯೂಸ್ ಬರುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಅಲ್ಲಿ ತಿದ್ದಬಹುದು, ದೂರು ಕೊಡಬಹುದು, ಹಿಂದಕ್ಕೆ ಎಳೆಯಲಾಗದು. ತಡೆಯಬೇಕಾದ್ದು ಪ್ರೀ-ಟೂಲ್-ಯೂಸ್‌ನಲ್ಲಿ. ನಿಮ್ಮ ಮೈಗ್ರೇಶನ್ ವಿಷಯಕ್ಕೆ ಬರೋಣ. ನಿಯಮ ಏನು? ಹೊಸ ಮೈಗ್ರೇಶನ್ ಬರೆಯಬಹುದು, ಇರುವುದನ್ನು ತಿದ್ದಬಾರದು. ಸ್ಕ್ರಿಪ್ಟ್ ಫೈಲಿನ ಹಾದಿಯನ್ನು ಓದಿ, ಅದರ ನಿಜವಾದ ಪೂರ್ಣ ಹಾದಿಯನ್ನು ಕಂಡುಕೊಂಡು (ಎರಡು ಚುಕ್ಕಿ ಹಾಕಿ ಸುತ್ತಿ ಬಂದ ಹಾದಿಗಳೂ ಇರುತ್ತವೆ, ಸಿಮ್‌ಲಿಂಕ್‌ಗಳೂ ಇರುತ್ತವೆ), ಅದು ಮೈಗ್ರೇಶನ್ ಫೋಲ್ಡರಿನೊಳಗೆ ಬಿದ್ದು, ಅಂಥ ಫೈಲ್ ಆಗಲೇ ಇದ್ದರೆ ಎಕ್ಸಿಟ್ ಕೋಡ್ 2 ಕೊಟ್ಟು ಹೊರಬರಬೇಕು. ಆಗ ತಿದ್ದುಪಡಿ ನಿಲ್ಲುತ್ತದೆ.

ಆ 2 ಎಂಬ ಅಂಕಿಯ ಬಳಿ ಸ್ವಲ್ಪ ಹೊತ್ತು ನಿಲ್ಲು. ಯೂನಿಕ್ಸ್‌ನಲ್ಲಿ 0 ಎಂದರೆ ಸರಿ, ಬೇರೆ ಯಾವ ಅಂಕಿ ಬಂದರೂ ಸೋಲು ಎಂದು ನಾವೆಲ್ಲ ಕಲಿತದ್ದು. ಇಲ್ಲಿ ಹಾಗಿಲ್ಲ. 2 ಬಂದರೆ ಮಾತ್ರ ತಡೆ. 1 ಬಂದರೆ ‘ಹುಕ್‌ನಲ್ಲಿ ಏನೋ ತೊಂದರೆ’ ಎಂದು ನಿನಗೆ ತಿಳಿಸಿ ಏಜೆಂಟ್ ತನ್ನ ಪಾಡಿಗೆ ಮುಂದುವರಿಯುತ್ತದೆ. ಈಗ ಯೋಚಿಸು: ಪೈಥಾನ್ ಸ್ಕ್ರಿಪ್ಟ್ ಯಾವುದಾದರೂ ಎಕ್ಸೆಪ್ಷನ್‌ನಿಂದ ಬಿದ್ದರೆ ಹೊರಬರುವ ಕೋಡ್ ಯಾವುದು? 1. ಅಂದರೆ ಕಾವಲಿಗೆ ನಿಂತ ಸ್ಕ್ರಿಪ್ಟ್ ಎಡವಿ ಬಿದ್ದ ಗಳಿಗೆಯಲ್ಲೇ ಬಾಗಿಲು ತೆರೆದುಕೊಳ್ಳುತ್ತದೆ. ಸ್ಕ್ರಿಪ್ಟ್‌ಗೆ ಓಡುವ ಅನುಮತಿ ಕೊಡಲು ಮರೆತರೆ ಶೆಲ್ 126 ಕೊಡುತ್ತದೆ, ಕಮಾಂಡೇ ಸಿಗದಿದ್ದರೆ 127, ಆಗಲೂ ತಡೆಯಿಲ್ಲ. ಆದ್ದರಿಂದ ಕಾವಲು ಹುಕ್‌ನ ಇಡೀ ಒಡಲನ್ನು ಟ್ರೈ ಬ್ಲಾಕ್‌ನಲ್ಲಿ ಇಟ್ಟು, ಅನಿರೀಕ್ಷಿತವಾದದ್ದು ಏನೇ ಆದರೂ 2 ಕೊಟ್ಟು ಹೊರಬರುವಂತೆ ಬರೆ. ಫಾರ್ಮ್ಯಾಟರ್ ಹುಕ್‌ಗೆ ಇದರ ತದ್ವಿರುದ್ಧ: ಅದು ಬಿದ್ದರೆ ಕೆಲಸ ನಿಲ್ಲಬಾರದು. ಬಿದ್ದಾಗ ಮುಚ್ಚಿಕೊಳ್ಳಬೇಕೋ ತೆರೆದುಕೊಳ್ಳಬೇಕೋ ಎಂಬುದನ್ನು ಪ್ರತಿ ಹುಕ್‌ಗೂ ನೀನು ಮೊದಲೇ ನಿರ್ಧರಿಸಬೇಕು. ಬರೆದಾದ ಮೇಲೆ ಏಜೆಂಟ್ ಇಲ್ಲದೆಯೇ ಪರೀಕ್ಷಿಸು. ಒಂದು ಮಾದರಿ ಜೇಸನನ್ನು ಕೈಯಾರೆ ಬರೆದು ಸ್ಕ್ರಿಪ್ಟ್‌ಗೆ ಪೈಪ್ ಮಾಡು, ಬಂದ ಎಕ್ಸಿಟ್ ಕೋಡ್ ನೋಡು. ಅರ್ಧಕ್ಕೇ ತುಂಡಾದ ಜೇಸನ್ ಕೊಡು, ಖಾಲಿ ಇನ್‌ಪುಟ್ ಕೊಡು, ಹೆಸರಿನಲ್ಲಿ ಸ್ಪೇಸ್ ಇರುವ ಫೈಲ್ ಕೊಡು, ಕನ್ನಡದಲ್ಲಿ ಹೆಸರಿರುವ ಫೈಲ್ ಕೊಡು. ಶೆಲ್‌ನಲ್ಲಿ ಬರೆಯುವುದಾದರೆ ವೇರಿಯಬಲ್‌ಗಳಿಗೆ ಉದ್ಧರಣ ಚಿಹ್ನೆ ತಪ್ಪಿಸಲೇಬೇಡ, ಒಳಬಂದ ಪಠ್ಯವನ್ನು ಕಮಾಂಡಾಗಿ ಓಡಿಸಬೇಡ.

ತಡೆದಾಗ ಏನು ಹೇಳುತ್ತೀಯ ಎಂಬುದೂ ಮುಖ್ಯ. ಸ್ಟ್ಯಾಂಡರ್ಡ್ ಎರರ್‌ಗೆ ನೀನು ಬರೆದದ್ದು ಏಜೆಂಟ್‌ಗೆ ತಲುಪುತ್ತದೆ, ಅದನ್ನು ಓದಿ ಅದು ಮುಂದಿನ ಹೆಜ್ಜೆ ಇಡುತ್ತದೆ. ‘ಅನುಮತಿ ಇಲ್ಲ’ ಎಂದಷ್ಟೇ ಬರೆದರೆ ಅದು ಬೇರೆ ಸಂದಿ ಹುಡುಕುತ್ತದೆ. ‘ಈ ಮೈಗ್ರೇಶನ್ ಆಗಲೇ ಸರ್ವರ್‌ನಲ್ಲಿ ಓಡಿದೆ, ತಿದ್ದಿದರೆ ಡೇಟಾಬೇಸ್‌ಗೂ ಕೋಡಿಗೂ ತಾಳೆಯಾಗುವುದಿಲ್ಲ, ಬೇಕಾದ ಬದಲಾವಣೆಗೆ ಹೊಸ ಮೈಗ್ರೇಶನ್ ಫೈಲ್ ಬರೆ’ ಎಂದು ಬರೆದರೆ ಸಾಮಾನ್ಯವಾಗಿ ಹಾಗೇ ಮಾಡುತ್ತದೆ. ಕಾರಣ ಹೇಳು, ದಾರಿ ತೋರಿಸು. ನಿಮ್ಮ ಸೂಚನೆಗಳ ಫೈಲಿನಲ್ಲಿ ಅಷ್ಟು ಸಲ ಕೂಗಿದ ಮಾತಿಗಿಂತ, ತಪ್ಪು ಹೆಜ್ಜೆ ಎತ್ತಿದ ಆ ಗಳಿಗೆಯಲ್ಲಿ ಹೇಳಿದ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಹುಕ್‌ನಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಇದು.

ಆದರೆ ಹುಕ್ಕನ್ನು ಕೋಟೆ ಎಂದುಕೊಳ್ಳಬೇಡ. ಫೈಲ್ ತಿದ್ದುವ ಉಪಕರಣಕ್ಕೆ ನೀನು ತಡೆ ಹಾಕಿದೆ. ಏಜೆಂಟ್‌ಗೆ ಟರ್ಮಿನಲ್ ಕೂಡ ಇದೆ, ಅಲ್ಲಿ ಸೆಡ್ ಕಮಾಂಡಿನಿಂದ ಅದೇ ಫೈಲನ್ನು ತಿದ್ದಬಹುದು, ಪೈಥಾನಿನ ಒಂದು ಸಾಲಿನಿಂದಲೂ ತಿದ್ದಬಹುದು. ಗಿಟ್‌ನ ಪ್ರೀ-ಕಮಿಟ್ ಹುಕ್ ಅಡ್ಡ ಬಂದರೆ ನೋ-ವೆರಿಫೈ ಎಂಬ ಆಯ್ಕೆ ಹಾಕಿ ದಾಟಬಹುದು. ಕೆಡುಕು ಬಯಸಿ ಹಾಗೆ ಮಾಡುತ್ತದೆ ಎಂದಲ್ಲ, ಕೊಟ್ಟ ಕೆಲಸ ಮುಗಿಸುವ ಹಟ ಅದಕ್ಕೆ. ಟರ್ಮಿನಲ್ ಕಮಾಂಡ್‌ಗಳಿಗೂ ಪ್ರೀ-ಟೂಲ್-ಯೂಸ್ ಹುಕ್ ಹಾಕಿ ಬಲವಂತದ ಪುಶ್, ನೋ-ವೆರಿಫೈ, ಟೇಬಲ್ ಡ್ರಾಪ್ ಇಂಥವನ್ನು ಹಿಡಿಯಬಹುದು, ಹಿಡಿ. ಆದರೆ ಅದೆಲ್ಲ ಪಠ್ಯ ಹೊಂದಿಸಿ ನೋಡುವ ಕೆಲಸ. ಒಂದೇ ಕೆಲಸಕ್ಕೆ ನೂರು ಥರ ಕಮಾಂಡ್ ಬರೆಯಬಹುದು. ಆದ್ದರಿಂದ ನಿಜವಾಗಿ ಹೋಗಬಾರದ್ದಕ್ಕೆ ತಡೆ ಕೆಳಗಿನ ಪದರದಲ್ಲಿರಲಿ. ಏಜೆಂಟ್ ಓಡುವ ಯಂತ್ರದಲ್ಲಿ ಪ್ರೊಡಕ್ಷನ್ ಡೇಟಾಬೇಸಿನ ಪಾಸ್‌ವರ್ಡೇ ಇರದಿರಲಿ. ಓದಲಷ್ಟೇ ಬೇಕಾದರೆ ಓದುವ ಹಕ್ಕಷ್ಟೇ ಇರುವ ಯೂಸರ್ ಕೊಡು. ಮುಖ್ಯ ಬ್ರಾಂಚನ್ನು ಸರ್ವರ್‌ನಲ್ಲೇ ಪ್ರೊಟೆಕ್ಟ್ ಮಾಡು, ಈ ಕಡೆಯಿಂದ ಯಾರು ಏನು ಹಾಕಿದರೂ ಅದು ಜಗ್ಗದು. ಹುಕ್ ಇರುವುದು ತಪ್ಪಿದ ಹೆಜ್ಜೆಯನ್ನು ಬೇಗ ತಿರುಗಿಸಲು. ಹಟದಿಂದ ನುಗ್ಗುವುದನ್ನು ನಿಲ್ಲಿಸಬೇಕಾದ್ದು ಅನುಮತಿಗಳ ಕೆಲಸ. ಈ ಎರಡನ್ನು ಒಂದೇ ಎಂದುಕೊಂಡ ತಂಡಗಳು ಹುಕ್ ಇದೆಯಲ್ಲ ಎಂಬ ಧೈರ್ಯದಲ್ಲಿ ಪ್ರೊಡಕ್ಷನ್ ಕೀಲಿಗಳನ್ನು ಎಲ್ಲೆಂದರಲ್ಲಿ ಬಿಟ್ಟಿರುತ್ತವೆ.

ಟೆಸ್ಟ್ ಪಾಸಾಗದೆ ಮುಗಿಯಿತು ಎನ್ನಬೇಡ ಎಂದು ಬರೆದಿದ್ದೀರಲ್ಲ, ಅದಕ್ಕೆ ಸ್ಟಾಪ್ ಎಂಬ ಘಟನೆ ಇದೆ. ಏಜೆಂಟ್ ನಿಲ್ಲಲು ಹೊರಟಾಗ ನಿನ್ನ ಹುಕ್ ಟೆಸ್ಟ್ ಓಡಿಸುತ್ತದೆ, ಸೋತರೆ 2 ಕೊಟ್ಟು ಯಾವ ಟೆಸ್ಟ್ ಸೋತಿತೆಂದು ತಿಳಿಸುತ್ತದೆ, ಏಜೆಂಟ್ ಮತ್ತೆ ಕೆಲಸಕ್ಕೆ ಕೂರುತ್ತದೆ. ಚೆನ್ನಾಗಿದೆ. ಆದರೆ ಆ ಟೆಸ್ಟ್ ಅದರಿಂದ ಸರಿಪಡಿಸಲಾಗದ ಕಾರಣಕ್ಕೆ ಸೋಲುತ್ತಿದ್ದರೆ? ನೆಟ್‌ವರ್ಕ್ ಇಲ್ಲದಿದ್ದರೆ? ಸುತ್ತಿದ್ದೇ ಸುತ್ತು, ಟೋಕನ್ ಖರ್ಚಾಗುತ್ತಲೇ ಇರುತ್ತದೆ. ಸ್ಟಾಪ್ ಹುಕ್‌ನಿಂದಾಗಿಯೇ ಏಜೆಂಟ್ ಈಗಾಗಲೇ ಮುಂದುವರಿದಿದ್ದರೆ ಅದನ್ನು ತಿಳಿಸುವ ಒಂದು ಗುರುತು ಒಳಬರುವ ಜೇಸನ್‌ನಲ್ಲಿರುತ್ತದೆ, ಅದನ್ನು ನೋಡಿ ಬಿಟ್ಟುಬಿಡು, ಸೋತ ಟೆಸ್ಟನ್ನು ನೀನೇ ನೋಡು. ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಟೆಸ್ಟ್ ಪಾಸಾಗಲೇಬೇಕು ಎಂದು ಒತ್ತಡ ಹಾಕಿದರೆ ಕೋಡನ್ನು ಬಿಟ್ಟು ಟೆಸ್ಟನ್ನೇ ಸಡಿಲಿಸುವ ದಾರಿಯೂ ಏಜೆಂಟ್ ಮುಂದಿರುತ್ತದೆ. ಡಿಫ್‌ನಲ್ಲಿ ಟೆಸ್ಟ್ ಫೋಲ್ಡರ್ ಬದಲಾಗಿದ್ದರೆ ಅದನ್ನು ಮೊದಲು ಓದುವ ಅಭ್ಯಾಸ ಇಟ್ಟುಕೋ.

ಎಲ್ಲ ಟೆಸ್ಟನ್ನೂ ಪ್ರತಿ ತಿದ್ದುಪಡಿಯ ಹಿಂದೆ ಓಡಿಸಲು ಹೋಗಬೇಡ. ಹುಕ್ ಮುಗಿಯುವವರೆಗೆ ಏಜೆಂಟ್ ಸಾಮಾನ್ಯವಾಗಿ ಕಾಯುತ್ತದೆ. ತಿದ್ದಿದ ಒಂದು ಫೈಲಿಗೆ ಒಂದು ಫಾರ್ಮ್ಯಾಟರ್, ಅಷ್ಟು ಹಗುರದ್ದು ಅಲ್ಲಿರಲಿ, ಭಾರದ್ದೆಲ್ಲ ಸ್ಟಾಪ್‌ಗೆ ಹೋಗಲಿ. ಫಾರ್ಮ್ಯಾಟರ್ ಫೈಲನ್ನು ಬದಲಿಸಿತೆಂದರೆ ಏಜೆಂಟ್ ಮನಸ್ಸಿನಲ್ಲಿರುವ ಪ್ರತಿ ಹಳೆಯದಾಯಿತು, ಮುಂದಿನ ತಿದ್ದುಪಡಿ ಹೊಂದದೆ ಮುಗ್ಗರಿಸಬಹುದು. ‘ಫೈಲ್ ಬದಲಾಗಿದೆ, ಮತ್ತೆ ಓದಿಕೋ’ ಎಂದು ಒಂದು ಸಾಲು ಹಿಂದಿರುಗಿಸಿದರೆ ಆ ತೊಂದರೆ ತಪ್ಪುತ್ತದೆ.

ಈಗ ಹೇಳುವುದನ್ನು ಗಂಭೀರವಾಗಿ ತೆಗೆದುಕೋ. ಹುಕ್ ಎಂದರೆ ನಿನ್ನ ಯಂತ್ರದಲ್ಲಿ, ನಿನ್ನ ಹೆಸರಿನಲ್ಲಿ, ನಿನ್ನ ಎಲ್ಲ ಹಕ್ಕುಗಳೊಂದಿಗೆ, ನಿನ್ನನ್ನು ಕೇಳದೆ ಓಡುವ ಕೋಡ್. ನಿನ್ನ ಎಸ್‌ಎಸ್‌ಎಚ್ ಕೀ, ನಿನ್ನ ಕ್ಲೌಡ್ ಟೋಕನ್, ನಿನ್ನ ಹೋಮ್ ಫೋಲ್ಡರ್ ಎಲ್ಲವೂ ಅದರ ಕೈಗೆ ಎಟುಕುತ್ತವೆ. ಗಿಟ್ ಮಾಡಿದವರಿಗೆ ಇದು ಗೊತ್ತಿತ್ತು, ರೆಪೊ ಕ್ಲೋನ್ ಮಾಡಿದಾಗ ಅದರ ಹುಕ್‌ಗಳು ಜೊತೆಗೆ ಬರುವುದಿಲ್ಲ, ನೀನೇ ಬೇಕೆಂದು ಹಾಕಿಕೊಳ್ಳಬೇಕು. ಏಜೆಂಟ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಫೈಲ್ ಹಾಗಲ್ಲ, ರೆಪೊದಲ್ಲಿ ಸೇರಿಸಿದ್ದರೆ ಎಲ್ಲರ ಯಂತ್ರಕ್ಕೂ ಹೋಗುತ್ತದೆ. ತಂಡಕ್ಕೆಲ್ಲ ಒಂದೇ ನಿಯಮ ಇರಲು ಅದೇ ಅನುಕೂಲ, ಅಪರಿಚಿತರ ರೆಪೊ ತೆರೆದಾಗ ಅದೇ ಅಪಾಯ. 2025ರ ಸೆಪ್ಟೆಂಬರಿನಲ್ಲಿ ಎನ್‌ಪಿಎಂ ಪ್ಯಾಕೇಜ್‌ಗಳಲ್ಲಿ ಹರಡಿದ ಶಾಯ್-ಹುಲುದ್ ಎಂಬ ಹುಳುವನ್ನು ನೆನೆ. ಪ್ಯಾಕೇಜ್ ಇನ್‌ಸ್ಟಾಲ್ ಆದ ಮೇಲೆ ತಾನಾಗಿ ಓಡುವ ಪೋಸ್ಟ್-ಇನ್‌ಸ್ಟಾಲ್ ಸ್ಕ್ರಿಪ್ಟೇ ಅದರ ವಾಹನ. ಅದೂ ಹುಕ್ಕೇ. ಓಡಿದ ಯಂತ್ರದಲ್ಲಿದ್ದ ಟೋಕನ್‌ಗಳನ್ನು ಕದ್ದು, ಆ ಟೋಕನ್‌ಗಳಿಂದಲೇ ಇನ್ನಷ್ಟು ಪ್ಯಾಕೇಜ್‌ಗಳೊಳಕ್ಕೆ ಅದು ನುಸುಳಿತು. ಹಾಗಾಗಿ ಯಾರೋ ಹಂಚಿದ ‘ಉಪಯುಕ್ತ ಹುಕ್‌ಗಳ ಸಂಗ್ರಹ’ವನ್ನು ಓದದೆ ಅಂಟಿಸಿಕೊಳ್ಳಬೇಡ. ರೆಪೊ ತೆರೆದ ಕೂಡಲೆ ಅದರ ಸೆಟ್ಟಿಂಗ್ಸ್‌ನಲ್ಲಿ ಹುಕ್ ಇದೆಯೇ ಎಂದು ನೋಡು, ಆಮೇಲೆ ಏಜೆಂಟ್ ಶುರು ಮಾಡು. ನಿಮ್ಮ ತಂಡದಲ್ಲಿ ಹುಕ್ ಬದಲಿಸುವ ಪುಲ್ ರಿಕ್ವೆಸ್ಟ್‌ಗೆ ಎರಡನೆಯ ಕಣ್ಣು ಕಡ್ಡಾಯ ಮಾಡಿ. ಏಜೆಂಟ್ ತನ್ನ ಹುಕ್ ಫೈಲುಗಳನ್ನು ತಾನೇ ತಿದ್ದದಂತೆಯೂ ಒಂದು ಕಾವಲು ಇರಲಿ.

ಎಷ್ಟು ಹುಕ್ ಬೇಕು ಎಂದು ಕೇಳಿದರೆ, ಕಡಿಮೆ ಎನ್ನುತ್ತೇನೆ. ಕಲಿತ ಹೊಸತರಲ್ಲಿ ಎಲ್ಲದಕ್ಕೂ ಹಾಕುವ ಆಸೆಯಾಗುತ್ತದೆ. ಹೆಸರಿಡುವ ಪದ್ಧತಿಗೆ ಹುಕ್, ಕಾಮೆಂಟ್ ಉದ್ದಕ್ಕೆ ಹುಕ್. ವಿವೇಚನೆ ಬೇಕಾದ ಕಡೆ ಹುಕ್ ಹಾಕಿದರೆ ಅದು ಸರಿಯಾದದ್ದನ್ನೂ ತಡೆಯುತ್ತದೆ, ಕಿರಿಕಿರಿಯಾಗಿ ಜನ ಅದನ್ನು ಆಫ್ ಮಾಡುತ್ತಾರೆ, ಜೊತೆಗೆ ಬೇಕಾದ ಹುಕ್ಕೂ ಹೋಗುತ್ತದೆ. ಆರು ತಿಂಗಳ ಮೇಲೆ ತಂಡಕ್ಕೆ ಬಂದ ಹುಡುಗನಿಗೆ ‘ಇದು ಯಾಕೆ ತಡೀತಿದೆ?’ ಎಂಬ ಪ್ರಶ್ನೆಗೆ ಸ್ಕ್ರಿಪ್ಟಿನ ತಲೆಯಲ್ಲೇ ಉತ್ತರ ಸಿಗಬೇಕು: ಯಾವ ತೊಂದರೆಗೆಂದು ಹಾಕಿದ್ದು, ಯಾರನ್ನು ಕೇಳಬೇಕು, ಯಾವಾಗ ತೆಗೆದುಹಾಕಬಹುದು. ಇಷ್ಟು ಬರೆಯಲಾಗದ ಹುಕ್ ಹಾಕಬೇಡ.

ಮೊದಲ ವಾರ ಯಾವುದನ್ನೂ ತಡೆಯಲು ಹೋಗಬೇಡ. ಪೋಸ್ಟ್-ಟೂಲ್-ಯೂಸ್‌ಗೆ ಒಂದೇ ಹುಕ್ ಕಟ್ಟು: ಹೊತ್ತು, ಉಪಕರಣದ ಹೆಸರು, ಮುಟ್ಟಿದ ಫೈಲ್ ಅಥವಾ ಓಡಿಸಿದ ಕಮಾಂಡ್, ಇಷ್ಟನ್ನು ಒಂದೊಂದು ಸಾಲಾಗಿ ಒಂದು ಲಾಗ್ ಫೈಲಿಗೆ ಸೇರಿಸುವಂಥದ್ದು. ಕಮಾಂಡ್‌ಗಳಲ್ಲಿ ಕೆಲವು ಸಲ ಟೋಕನ್ ಬಂದುಬಿಡುತ್ತದೆ, ಆದ್ದರಿಂದ ಲಾಗ್ ನಿನ್ನ ಯಂತ್ರದಲ್ಲೇ ಇರಲಿ, ಗಿಟ್‌ಗೆ ಹೋಗದಿರಲಿ. ಸಂಜೆ ಮನೆಗೆ ಹೊರಡುವ ಮೊದಲು ಅದನ್ನು ಓದು. ಏಜೆಂಟ್ ನಿಜವಾಗಿ ಎಲ್ಲೆಲ್ಲಿ ಕೈಹಾಕುತ್ತದೆ, ಯಾವ ಕಮಾಂಡನ್ನು ಮತ್ತೆ ಮತ್ತೆ ಓಡಿಸುತ್ತದೆ, ಎಲ್ಲಿ ಸುತ್ತಿ ಬಳಸಿ ಹೋಗುತ್ತದೆ ಎಂಬುದು ಅದರಲ್ಲಿ ಸಿಗುತ್ತದೆ. ನಿಮ್ಮ ಸೂಚನೆಗಳ ಫೈಲನ್ನು ಅದರ ಪಕ್ಕದಲ್ಲಿಟ್ಟುಕೊಂಡು, ಯಾವ ಸಾಲು ಹುಕ್ ಆಗಬೇಕು, ಯಾವುದು ಮಾತಾಗೇ ಇರಬೇಕು, ಯಾವುದನ್ನು ಅಳಿಸಿಬಿಡಬಹುದು ಎಂದು ಗುರುತು ಹಾಕು. ಹಬ್ಬಕ್ಕೆ ಊರಿಗೆ ಬರುವಾಗ ಲ್ಯಾಪ್‌ಟಾಪ್ ತಾ. ಎನ್‌ಎಫ್‌ಸಿ ಸ್ಕ್ರಿಪ್ಟನ್ನು ನೀನು ಬರೆದಿಟ್ಟಿರು, ಕಾವಲು ಹುಕ್ಕನ್ನು ಇಬ್ಬರೂ ಕೂತು ಬರೆಯೋಣ.

ನಿನ್ನ
ದೊಡ್ಡಪ್ಪ